ಉಡಿಗೆ ಬಿದ್ದ ಕರಿ ಡಬ್ಬಿ

ನಾಹೀದಳ ಎಡಗಾಲಿಗೆ ಪೋಲಿಯೊ ಬಡಿದಾಗ ಅವಳಿನ್ನೂ ಸರಿಯಾಗಿ ನಡೆಯಲು ಕಲಿತಿರಲಿಲ್ಲ. ಹಾಗಾಗಿ ಎರಡೂ ಕಾಲೂರಿ ನಡೆದ ನೆನಪು ಅವಳಿಗಿಲ್ಲ. ಅದರ ಹಂಬಲವೂ ಅಷ್ಟಾಗಿ ಇಲ್ಲ. ಅವಳ ತಂದೆ ಅಯ್ಯುಬ ಬೀದರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಬೆಳಗಿನ ಪಾಳಿಗೆ ಹೋಗುವ ಮುಂಚೆ ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಓಣಿಯ ಜನ ಸುಮ್ಮನಿರುತ್ತಿರಲಿಲ್ಲ. "ಹೆಣ್ಣುಹುಡುಗಿ, ಅದೂ ಹಿಂಗ. ಇಷ್ಟ್ಯಾಕ ಓದಸ್ತೀರಿ ಕಂಡಕ್ಟರ್ ಸಾಬ್?" ಎಂದರೆ, "ಟಿಕೀಟು ಕೊನೀ ಸ್ಟಾಪಿಂದು ಹರದೀನ್ರಿ, ನಡುವ ಹ್ಯಾಂಗ ಇಳಸ್ಲಿ?" ಎನ್ನುತ್ತಿದ್ದ.

ಮಗಳು ಓದು ಮುಗಿಸಿ ಕೆಲಸ ಹಿಡಿದದ್ದನ್ನು ನೋಡಲು ಅವನು ಉಳಿಯಲಿಲ್ಲ. ಶಾಲೆಗೆ ಬರಲಾಗದ ಮಕ್ಕಳಿರುತ್ತಾರಲ್ಲ, ಹಾಸಿಗೆಯಲ್ಲೋ ಗೋಡೆಗಿಟ್ಟ ದಿಂಬಿಗೆ ಒರಗಿಯೋ ದಿನ ಕಳೆಯುವವರು, ಅವರ ಮನೆಗೇ ಹೋಗಿ ಕಲಿಸುವ ಕೆಲಸ ಅವಳದು. ಔರಾದ್ ತಾಲೂಕಿನ ಹಳ್ಳಿಗಳು ಅವಳ ಪಾಲಿಗೆ ಬಂದವು.

ಮೊದಲ ವರ್ಷಗಳು ಬಸ್ಸಿನಲ್ಲಿ ಕಳೆದವು. ಕಬ್ಬಿಣದ ಪಟ್ಟಿ ಕಟ್ಟಿದ ಕಾಲಿಗೆ ಬಸ್ಸಿನ ಮೆಟ್ಟಿಲೆಂದರೆ ಮಾಳಿಗೆ ಹತ್ತಿದಷ್ಟು ಎತ್ತರ. ಅಯ್ಯುಬನ ಮಗಳೆಂದು ಗೊತ್ತಿದ್ದ ಕಂಡಕ್ಟರುಗಳು ಅವಳು ಸೀಟಿನಲ್ಲಿ ಕೂರುವತನಕ ಸೀಟಿ ಊದುತ್ತಿರಲಿಲ್ಲ. ಆದರೆ ಮುಂಜಾನೆ ಎಕಂಬಾದಲ್ಲಿ ಇಳಿದರೆ ಮರಳಿ ಬಸ್ಸು ಸಿಗುವುದು ಹೊತ್ತು ಇಳಿದ ಮೇಲೆಯೇ. ದಿನಕ್ಕೊಂದೇ ಮನೆ. ಚಿಂತಾಕಿಯ ಮಗುವಿಗೆ ಕಲಿಸಿದ ದಿನ ಎಕಂಬಾದ ಮಗು ಬಾಗಿಲು ನೋಡುತ್ತ ಕೂರಬೇಕು.

ಆಮೇಲೆ ಕಾರು ಬಂತು. ಹೈದರಾಬಾದಿನಲ್ಲಿ ಯಾರೋ ವಯಸ್ಸಾದವರು ಓಡಿಸಿ ಬಿಟ್ಟಿದ್ದ, ಬಣ್ಣ ಮಾಸಿದ ಸಣ್ಣ ಕಾರು. ಕಂಪನಿ ಅದನ್ನು ತಯಾರಿಸುವುದನ್ನು ನಿಲ್ಲಿಸಿ ಬಹಳ ವರ್ಷಗಳಾಗಿದ್ದವು. ಆದರೂ ಅದರಲ್ಲೊಂದು ದೊಡ್ಡ ಗುಣವಿತ್ತು: ಕ್ಲಚ್ ಇರಲಿಲ್ಲ. ಗಿಯರು ತಾನಾಗಿಯೇ ಬದಲಾಗುತ್ತಿತ್ತು, ಬಲಗಾಲೊಂದಿದ್ದರೆ ಸಾಕು. ಮನ್ನಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಅವಳ ಗಂಡ ರಾಹೀಲ, ಊರಾಚೆಯ ರಸ್ತೆಯಲ್ಲಿ ಅವಳಿಗೆ ಗಾಡಿ ಕಲಿಸಿದ. ತಾಯಿ ಬಿಸ್ಮಿಲ್ಲಾಬೀ ಹಿಂದಿನ ಸೀಟಿನಲ್ಲಿ ಕೂತು ದುವಾ ಓದುತ್ತಿದ್ದಳು, ಅದೂ ಜೋರಾಗಿ. "ಅಮ್ಮೀ, ಸ್ವಲ್ಪ ಸಣ್ಣಗ ಓದ್ರಿ, ಹಿಂದಿನ ಲಾರಿ ಹಾರ್ನ್ ಕೇಳ್ಸವಲ್ದು," ಎಂದು ರಾಹೀಲ ನಗುತ್ತಿದ್ದ.

ಕಾರು ಬಂದ ಮೇಲೆ ಮುಂಜಾನೆ ಚಿಂತಾಕಿ, ಮಧ್ಯಾಹ್ನ ಎಕಂಬಾ. ಎಕಂಬಾದಲ್ಲಿ ಮಂದಾರ ಎಂಬ ಹುಡುಗಿ. ಮಾತಿಲ್ಲ, ಕೈಗಳು ಸೆಟೆದುಕೊಂಡಿವೆ. ಅವಳಿಗೆ ಏನೂ ತಿಳಿಯುವುದಿಲ್ಲವೆಂದೇ ಊರವರು ಅಂದುಕೊಂಡಿದ್ದರು. ನಾಹೀದ ವಾರಗಟ್ಟಲೆ ಅವಳೆದುರು ಕೂತು, ಎರಡು ಚಿತ್ರ ಹಿಡಿದು, ಬೇಕಾದ್ದರ ಕಡೆ ನೋಡಲು ಕಲಿಸಿದಳು. ಒಂದು ದಿನ ಮಂದಾರ ಬಾಳೆಹಣ್ಣಿನ ಚಿತ್ರವನ್ನು ಬಿಟ್ಟು ಮಾವಿನಹಣ್ಣಿನ ಕಡೆ ನೋಡಿದಳು. ಮತ್ತೆ ಕೇಳಿದರೂ ಮಾವು. ತಾಯಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, "ಇಷ್ಟ್ ವರ್ಷ ನಾ ಇಕಿಗಿ ಬಾಳಿಹಣ್ಣೇ ತಿನ್ಸೇನ್ರಿ ಅಕ್ಕೋರೆ," ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಅದೇ ವರ್ಷ ರಮ್ಜಾನ್ ಈದಿನ ಮುನ್ನಾದಿನ ಬಿಸ್ಮಿಲ್ಲಾಬೀ ಮನೆಯ ಪಾತ್ರೆ, ಪರದೆ, ಫ್ಯಾನಿನ ರೆಕ್ಕೆ ಎಲ್ಲ ತೊಳೆದು ಮುಗಿಸಿ ಕಾರಿನ ಕಡೆ ತಿರುಗಿದಳು. ಮಗಳನ್ನು ಹೊತ್ತು ತಿರುಗುವ ಗಾಡಿ ಹಬ್ಬದ ದಿನ ಹೊಲಸಾಗಿರಬಾರದು. ಮೇಲಷ್ಟೇ ತೊಳೆದರೆ ಮನಸ್ಸಿಗೆ ಒಪ್ಪಲಿಲ್ಲ. ಬಾನೆಟ್ಟು ಎತ್ತಿ, ಒಳಗೂ ಸಾಬೂನು ಹಚ್ಚಿ, ನಳಕ್ಕೆ ಪೈಪು ಸಿಕ್ಕಿಸಿ, ಬಿರ್ಯಾನಿಯ ದೇಗು ತೊಳೆದಂತೆ ತಿಕ್ಕಿ ತೊಳೆದಳು. ಎಂಜಿನ್ನು ಲಕಲಕ ಹೊಳೆಯಿತು.

ಈದ್ ಕಳೆದು ಕೆಲವೇ ದಿನಕ್ಕೆ, ಮನೆಯ ಮುಂದೆಯೇ ಕಾರು ನಿಂತಿತು. ಎಂಜಿನ್ನು ಚಾಲೂ ಆಗುತ್ತಿತ್ತು. ಗಿಯರು ಮಾತ್ರ ಬೀಳುತ್ತಿರಲಿಲ್ಲ. ಗುಂಯ್ ಎಂದು ನಿಂತಲ್ಲೇ ನಿಂತಿರುತ್ತಿತ್ತು.

ಬೀದರಿನ ಮೆಕ್ಯಾನಿಕ್ಕುಗಳು ಒಬ್ಬರಾದ ಮೇಲೊಬ್ಬರು ಬಂದು ನೋಡಿದರು. ಗಿಯರು ಬದಲಾಯಿಸುವ ಕಂಪ್ಯೂಟರು, ಬ್ಯಾಟರಿಯ ಪಕ್ಕದ ಅಂಗೈಯಗಲದ ಕರಿ ಡಬ್ಬಿ, ನೀರು ಕುಡಿದಿದೆ ಎಂದರು. ಹೊಸದು ಎಲ್ಲೂ ಸಿಗುವುದಿಲ್ಲ ಎಂದರು. ಆಮೇಲೆ ಎಲ್ಲರೂ ಒಂದೇ ದಾರಿ ತೋರಿಸಿದರು. "ಇದನ್ನ ಕಿತ್ತು ಒಗದು ಕ್ಲಚ್ ಗಿಯರ್ ಹಾಕಿಬಿಡೋಣ್ರಿ ಆಪಾ. ಗಾಡಿ ಬಂಗಾರದಂಗ ಓಡ್ತದ."

"ಓಡ್ತದ, ಖರೆ. ಓಡ್ಸೋರು ಯಾರ್ರಿ?" ಎಂದಳು ನಾಹೀದ.

ಅವರು ಅವಳ ಕಾಲು ನೋಡಿ, ನಾಲಿಗೆ ಕಚ್ಚಿಕೊಂಡು, ಚಹಾ ಕುಡಿದು ಹೋದರು.

ಬಿಸ್ಮಿಲ್ಲಾಬೀ ಮೂಲೆ ಹಿಡಿದು ಕೂತಳು. "ನಾನ ಕೊಂದೆ ಬೇಟೀ, ನಿನ್ನ ಗಾಡಿ."

"ಹಂಗ್ಯಾಕ ಅಂತೀರಿ ಅಮ್ಮೀ? ಇಷ್ಟು ಸ್ವಚ್ಛ ಎಂಜಿನ್ ಇಡೀ ಬೀದರಿನ್ಯಾಗ ಯಾರ್ದರೆ ಅದ ಏನು? ತೋರಸ್ರಿ ನೋಡೋಣ."

ತಾಯಿ ಅಳುವ ನಡುವೆಯೇ ನಕ್ಕಳು. ನಾಹೀದ ಮಾತ್ರ ಒಳಗೊಳಗೇ ಅಂಜಿದ್ದಳು. ಮತ್ತೆ ಬಸ್ಸು ಹತ್ತತೊಡಗಿದ್ದಳು. ಈಗ ಸೊಂಟವೂ ನೋಯುತ್ತಿತ್ತು. ಒಂದೆರಡು ಸಲ ಎಕಂಬಾ ತಪ್ಪಿತು. ಅವಳ ಮೇಲಿನ ಸಾಹೇಬರು ಒಳ್ಳೆಯವರು, ಅವಳು ಕುಂಟುತ್ತ ಆಫೀಸಿಗೆ ಬಂದದ್ದನ್ನು ನೋಡಿ, "ಇಷ್ಟು ತ್ರಾಸು ಯಾಕ ತಗೋತೀರಿ? ಬರೂ ತಿಂಗಳಿಂದ ಆಫೀಸಿನ್ಯಾಗ ಕೂತು ಕಂಪ್ಯೂಟರ್ ಕೆಲಸ ಮಾಡ್ರಿ. ಹಳ್ಳಿಗೆ ಬ್ಯಾರೆ ಯಾರನ್ನಾರ ನೋಡೋಣ," ಎಂದರು. ಬೇರೆ ಯಾರೂ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಪ್ರೀತಿಯಿಂದಲೇ ಕೊಡುತ್ತಿದ್ದ ಆ ಕುರ್ಚಿ ಅವಳಿಗೆ ಮುಚ್ಚಿದ ಬಾಗಿಲಿನಂತೆ ಕಂಡಿತು. ತಿಂಗಳು ಮುಗಿಯುವುದರೊಳಗೆ ಕಾರು ಎದ್ದರೆ ಮಂದಾರಳ ಮನೆ, ಏಳದಿದ್ದರೆ ಆಫೀಸಿನ ಕುರ್ಚಿ.

ಭಾಲ್ಕಿಯ ಬಸ್ ಸ್ಟ್ಯಾಂಡಿನ ಹತ್ತಿರ ಧಮ್ಮಪಾಲ ಎಂಬ ಗಾಡಿಯ ಕರೆಂಟ್ ಕೆಲಸದವನಿದ್ದಾನೆ, ಕೆಟ್ಟದ್ದನ್ನು ಬೇಗ ಒಗೆಯುವವನಲ್ಲ, ಎಂದು ಯಾರೋ ಹೇಳಿದರು. ನಾಹೀದ ಡಬ್ಬಿಯನ್ನು ಬಿಚ್ಚಿಸಿ, ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಭಾಲ್ಕಿಯ ಬಸ್ಸು ಹತ್ತಿದಳು.

ಧಮ್ಮಪಾಲ ಮಾತು ಕಡಿಮೆಯ ಮನುಷ್ಯ. ಡಬ್ಬಿಯ ಮುಚ್ಚಳ ತೆಗೆದು ಬೆಳಕಿಗೆ ಹಿಡಿದ. ಒಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಹಸಿರು ಹಸಿರಾಗಿ ತುಕ್ಕು ಹಬ್ಬಿತ್ತು.

"ಯಾರ್ರಿ ಅಕ್ಕೋರೆ, ಇದಕ್ಕ ಜಳಕ ಮಾಡ್ಸಿದವ್ರು?"

"ನಮ್ಮ ಅಮ್ಮಿ. ಹಬ್ಬ ಇತ್ತಲ್ರಿ."

"ಹಬ್ಬದ ಜಳಕ ಛಲೋ ಆಗ್ಯದ," ಎಂದ ಅವನು. "ಇಟ್ಟು ಹೋಗ್ರಿ. ನೋಡ್ತೇನಿ."

ಸಣ್ಣ ಬ್ರಷ್ಷಿನಿಂದ ತುಕ್ಕು ತೆಗೆದ. ಸುಟ್ಟ ತಂತಿಗಳನ್ನು ಬೆಸೆದ. ಬೀದರಿಗೆ ಬಂದು ಕಾರಿಗೆ ಹಾಕಿ ನೋಡಿದ. ಜೀವ ಬರಲಿಲ್ಲ. ಹೈದರಾಬಾದಿಗೆ ಫೋನು, ಸೊಲ್ಲಾಪುರಕ್ಕೆ ಫೋನು. ಲಾತೂರಿನಿಂದ ಒಂದು ಡಬ್ಬಿ ಬಸ್ಸಿನಲ್ಲಿ ಬಂತು. ಬಿಚ್ಚಿದರೆ ಅದು ಬೇರೆಯೇ ಗಾಡಿಯದು, ಪ್ಲಗ್ಗು ಕೂರಲಿಲ್ಲ. ಅಂಗಡಿಯವರೆಲ್ಲರ ಉತ್ತರ ಒಂದೇ: ಗಾಡಿಯೇ ಬಂದ್ ಆಗಿದೆ, ಅದರ ಸಾಮಾನು ಎಲ್ಲಿಂದ ತರೋಣ?

ತಿಂಗಳ ಕೊನೆ ಸಮೀಪಿಸಿತ್ತು. ನಾಹೀದ ಮತ್ತೆ ಭಾಲ್ಕಿಗೆ ಹೋದಾಗ ಧಮ್ಮಪಾಲ ಬಹಳ ಹೊತ್ತು ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತ ಕೂತ.

"ಒಂದು ಗಾಡಿ ಅದರಿ," ಎಂದ. "ಇಂಥದ್ದೇ. ಔರಾದಿನ್ಯಾಗ. ದನದ ಡಾಕ್ಟರ್ ಶ್ರೀಪಾದರಾಯರದು. ಅವರ ಮೊಣಕಾಲು ಬ್ಯಾನಿ ಇತ್ತಂತ ಕ್ಲಚ್ ಇಲ್ಲದ್ದು ತಗೊಂಡಿದ್ರು. ಅವ್ರು ಹೋಗಿ ವರ್ಷಗಳಾದವು. ಗಾಡಿ ಅಂಗಳದಾಗ ನಿಂತದ."

"ಮೊದಲೇ ಯಾಕ ಹೇಳ್ಲಿಲ್ಲ ಅಣ್ಣಾ?"

"ಹ್ಯಾಂಗ ಹೇಳ್ಲಿ? ಗುಜರಿಯವ್ರು ಹೋದ್ರ ಅವ್ರ ಮನಿ ಆಯಿ ಗೇಟ್ ತೆಗ್ಯಂಗಿಲ್ಲ. ನಾನೂ ಒಮ್ಮಿ ಕೇಳಿದ್ದೆ, ಬ್ಯಾರೆಯವ್ರ ಸಲುವಾಗಿ. 'ಧಮ್ಮಪಾಲ, ನೀನೂ ಹಿಂಗೇನು?' ಅಂದ್ರು. ಅವತ್ತಿಂದ ಆ ಓಣಿಗೆ ಹೋಗೂದೇ ಬಿಟ್ಟೀನಿ." ಹತಾರದ ಚೀಲ ಎತ್ತಿಕೊಂಡು ಎದ್ದ. "ನಡೀರಿ. ಬೈಸಿಕೊಂಡು ಬರೋಣ."

ಔರಾದಿನ ಆ ಮನೆಯಲ್ಲಿ ಗೇಟು ತೆಗೆದದ್ದು ಸೊಸೆ ಪ್ರಮಿಲಾ. ಗಂಡ ಶಿವಕಾಂತ ಗೊಬ್ಬರದ ಅಂಗಡಿಗೆ ಹೋಗಿದ್ದಾನೆ, ಅತ್ತೆ ಒಳಗಿದ್ದಾರೆ ಎಂದಳು. ಧಮ್ಮಪಾಲನ ಕೈಯ ಹತಾರದ ಚೀಲ ನೋಡಿ ಅವಳಿಗೆ ಅರ್ಥವಾಯಿತು. "ಬ್ಯಾಗ್ ಹೊರಗ ಇಟ್ಟು ಬರ್ರಿ ಅಣ್ಣಾರೆ. ಅದನ್ನ ನೋಡಿದ್ರ ಅತ್ತಿ ನಿಮಗ ನೀರೂ ಕೊಡಂಗಿಲ್ಲ," ಎಂದು ಪಿಸುಗುಟ್ಟಿದಳು.

ಅಂಗಳದ ಬೇವಿನ ಮರದ ಕೆಳಗೆ ಕೌದಿ ಹೊದ್ದುಕೊಂಡು ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ, ಕೌದಿ ಸರಿದಲ್ಲಿ, ಕಳೆದ ದಸರೆಯ ಅರಿಷಿಣ ಕುಂಕುಮ ಇನ್ನೂ ಅಂಟಿಕೊಂಡಿತ್ತು.

ಅತ್ತೆ ಕೌಸಲ್ಯಾಬಾಯಿ ಕಟ್ಟೆಯ ಮೇಲೆ ಬಂದು ಕೂತರು. ತೆಳ್ಳಗಿನ, ನೆಟ್ಟಗೆ ಕೂರುವ ಹೆಂಗಸು. ನೀರು ಬಂತು, ಚಹಾ ಬಂತು. ಧಮ್ಮಪಾಲ ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದ. ಅವರು ಕೊನೆಯತನಕ ಕೇಳಿ ತಲೆಯಲ್ಲಾಡಿಸಿದರು.

"ಮಾರೂದಿಲ್ಲಪ್ಪ. ಮಾರಿದ್ರ ಅದು ಬರೇ ಕಬ್ಬಿಣ ಆಗ್ತದ. ದಾನಾನೂ ಕೊಡಂಗಿಲ್ಲ. ಅವರ ಹೆಸರಿನ್ಯಾಗ ಏನೇನ ದಾನ ಕೊಡಬೇಕಿತ್ತೋ ಹದಿಮೂರನೇ ದಿನಕ್ಕೇ ಕೊಟ್ಟು ಮುಗಿಸೀವಿ. ಸತ್ತವರ ಸಾಮಾನು ಆಮ್ಯಾಲ ಹೊರಗ ಕೊಟ್ರ ಅವರಿಗಿ ಮುಟ್ಟಂಗಿಲ್ಲ." ನಾಹೀದಳ ಕಡೆ ನೋಡಿ ದನಿ ತಗ್ಗಿಸಿದರು. "ನೀ ಬ್ಯಾಸರ ಮಾಡ್ಕೋಬ್ಯಾಡ ತಂಗಿ. ಮತ್ತ, ಆ ಡಬ್ಬಿ ತಗದ್ರ ನಮ್ಮ ಗಾಡಿ ಮುಂದ ಚಾಲೂ ಆಗ್ತದೇನು?"

ಹೌದೆಂದರೆ ಕೆಲಸವಾಗಬಹುದಿತ್ತು. ಧಮ್ಮಪಾಲ ಉತ್ತರ ಹುಡುಕುತ್ತ ಮರದ ಕಡೆ ನೋಡಿದ.

"ಇಲ್ಲ ಆಯಿ," ಎಂದಳು ನಾಹೀದ. "ಅದನ್ನ ತಗದ್ರ ನಿಮ್ಮ ಗಾಡಿ ಮತ್ತ ಎಂದೂ ಓಡಂಗಿಲ್ಲ. ನನಗ ಬ್ಯಾರೆ ಎಲ್ಲೂ ಸಿಗ್ಲಿಲ್ಲ, ಅದಕ್ಕ ಕೇಳ್ಲಿಕ್ಕೆ ಬಂದೀನಿ."

ಕೌಸಲ್ಯಾಬಾಯಿ ಅವಳನ್ನೇ ದಿಟ್ಟಿಸಿದರು. "ನಿನ್ನ ಕೆಲಸ ಏನು?"

ನಾಹೀದ ಹೇಳಿದಳು. ಮಂದಾರಳ ಮಾವಿನಹಣ್ಣಿನ ಕಥೆಯನ್ನೂ ಹೇಳಿದಳು. ಪ್ರಮಿಲಾ ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತಿದ್ದಳು.

"ಗಾಡಿಯಾಗ ಕೂಡ್ತೀಯೇನು, ನೋಡ್ತೀಯೇನು?" ಎಂದರು ಕೌಸಲ್ಯಾಬಾಯಿ. ಅದು ಒಪ್ಪಿಗೆಯ ಮಾತೇನಲ್ಲ; ಬಂದ ಅತಿಥಿಗೆ ಮನೆ ತೋರಿಸುವ ಉಪಚಾರ.

ಪ್ರಮಿಲಾ ಕೌದಿ ಸರಿಸಿದಳು. ಬಾಗಿಲು ಕಿರ್ ಎಂದು ತೆರೆಯಿತು. ನಾಹೀದ ತನ್ನ ಊರುಗೋಲನ್ನು ಬಾಗಿಲಿಗೆ ಆನಿಸಿ, ಸೀಟಿನ ಅಂಚಿಗೆ ಕೂತಳು. ಆಮೇಲೆ ಎಂದಿನಂತೆ ಎಡಮೊಣಕಾಲಿನ ಕೆಳಗೆ ಎರಡೂ ಕೈ ಹಾಕಿ, ನಿದ್ದೆಹೋದ ಕೂಸನ್ನೆತ್ತುವಂತೆ ಕಾಲನ್ನೆತ್ತಿ ಒಳಗಿಟ್ಟುಕೊಂಡು, ಬಲಗಾಲನ್ನೂ ಎಳೆದುಕೊಂಡು, ಚೂಡಿದಾರದ ಮಡಿಕೆ ಸರಿಮಾಡಿದಳು.

ಕೌಸಲ್ಯಾಬಾಯಿ ಕಟ್ಟೆಯಿಂದ ಎದ್ದು ನಿಂತಿದ್ದರು.

"ಪ್ರಮಿಲಾ, ನೋಡಿದೇನು?"

"ನೋಡ್ದೆ ಅತ್ತಿ."

"ಅವ್ರೂ ಹಿಂಗೇ ಕೂಡ್ತಿದ್ರು. ಥೇಟ್ ಹಿಂಗೇ. ಎರಡೂ ಕೈಲೆ ಎತ್ತಿ." ಅಷ್ಟಂದವರೇ ಸೆರಗು ಹೊದ್ದುಕೊಂಡು ಒಳಗೆ ಹೋದರು.

ನಾಹೀದಳಿಗೆ ಇಳಿಯಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಒಳಗೆ ಡಬ್ಬದ ಮುಚ್ಚಳಗಳ ಸದ್ದು ಕೇಳುತ್ತಿತ್ತು. ಕೌಸಲ್ಯಾಬಾಯಿ ಮೊರ ಹಿಡಿದು ಹೊರಬಂದರು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಮೇಲೊಂದು ಹಸಿರು ಕುಪ್ಪಸದ ಖಣ.

"ಧಮ್ಮಪಾಲ, ಬ್ಯಾಗ್ ಹೊರಗ ಇಟ್ಟೀಯಲ್ಲ, ತಗೊಂಡು ಬಾ. ಆ ಡಬ್ಬಿ ಬಿಚ್ಚು," ಎಂದರು.

"ಆಯಿ, ಈಗ ತಾನೆ ಮಾರೂದಿಲ್ಲ, ದಾನ ಇಲ್ಲ ಅಂದ್ರಲ್ಲ?" ಎಂದ ಅವನು.

"ಅಂದೀನಿ. ಮಗಳ ಉಡಿಗೆ ಹಾಕೂದಿಲ್ಲ ಅಂದೀನೇನು? ಉಡಿ ತುಂಬೂದು ಮಾರಿದಂಗೂ ಅಲ್ಲ, ದಾನಾನೂ ಅಲ್ಲ. ಅದು ಆಕಿ ಪಾಲು." ಸೊಸೆಯ ಕಡೆ ತಿರುಗಿದರು. "ಪ್ರಮಿಲಾ, ಬಾ, ಈಕಿಗಿ ಉಡಿ ತುಂಬು."

ಗಂಡನಿಲ್ಲದ ಹೆಂಗಸು ಉಡಿ ತುಂಬುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಡಾಕ್ಟರರು ತೀರಿಕೊಂಡ ದಿನದಿಂದ ಕೌಸಲ್ಯಾಬಾಯಿ ಮೊರ ಸಿದ್ಧಮಾಡಿ ಕೊಡುತ್ತಿದ್ದರು, ತುಂಬುವವರು ಬೇರೆಯವರು. ನಾಹೀದಳಿಗೆ ಇದು ತಿಳಿಯದು. ಅವಳ ಕಡೆಯ ಮನೆಗಳಲ್ಲೂ ಮದುಮಗಳ ಮಡಿಲು ತುಂಬುತ್ತಾರೆ, ಆದರೆ ತುಂಬುವುದು ಹಿರಿಯರು. ಮದುವೆಯಲ್ಲಿ ಅವಳ ಮಡಿಲು ತುಂಬಿದವಳು ಗಂಡನನ್ನು ಕಳೆದುಕೊಂಡಿದ್ದ ಬಿಸ್ಮಿಲ್ಲಾಬೀಯೇ. ಅವಳು ಕಾರಿನಿಂದ ಇಳಿದು, ಬಾಗಿಲಿಗೆ ಬೆನ್ನು ಕೊಟ್ಟು, ದುಪಟ್ಟಾದ ಎರಡು ತುದಿ ಹಿಡಿದು ಕೌಸಲ್ಯಾಬಾಯಿಯವರ ಎದುರಿಗೇ ಒಡ್ಡಿದಳು.

"ನಾ ಅಲ್ಲ ತಂಗಿ, ಆಕಿ..." ಎಂದರು ಕೌಸಲ್ಯಾಬಾಯಿ.

"ನೀವ ಹಾಕ್ರಿ ಆಯಿ. ಹಿರೇರು ನೀವ ಅಲ್ಲೇನ್ರಿ?"

ಕೌಸಲ್ಯಾಬಾಯಿ ಸೊಸೆಯ ಮುಖ ನೋಡಿದರು. ಪ್ರಮಿಲಾ ಮೊರ ಇಸಿದುಕೊಳ್ಳಲು ಮುಂದಿಟ್ಟಿದ್ದ ಹೆಜ್ಜೆಯನ್ನು ಹಿಂದೆಗೆದು, ಕೈಕಟ್ಟಿ ನಿಂತಳು. "ತುಂಬ್ರಿ ಅತ್ತಿ. ದುಪಟ್ಟಾ ಹಿಡ್ದು ನಿಂತಾಳ, ಕೈ ಸೋಲ್ತಾವ ಪಾಪ."

ಕೌಸಲ್ಯಾಬಾಯಿ ಮೊರವನ್ನು ಸೊಂಟಕ್ಕಾನಿಸಿ ಹಿಡಿ ತುಂಬಿಕೊಂಡರು. ಅಕ್ಕಿ ಬಿತ್ತು. ಕೊಬ್ಬರಿ ಬಿತ್ತು. ಉತ್ತತ್ತಿಯೊಂದು ಜಾರಿ ನೆಲಕ್ಕೆ ಬಿದ್ದದ್ದನ್ನು ಪ್ರಮಿಲಾ ಎತ್ತಿ ಉಡಿಗಿಟ್ಟಳು. ಎಲ್ಲಕ್ಕೂ ಕೊನೆಗೆ, ಧಮ್ಮಪಾಲ ಬಿಚ್ಚಿ ಧೂಳೊರೆಸಿ ಕೊಟ್ಟ ಕರಿ ಡಬ್ಬಿಯನ್ನು ಅವರು ಎರಡೂ ಕೈಯಲ್ಲಿ ಹಿಡಿದು, ಒಂದು ಗಳಿಗೆ ಎದೆಗೊತ್ತಿಕೊಂಡು, ಅಕ್ಕಿಯ ಮೇಲಿಟ್ಟರು.

ನಾಹೀದಳಿಗೆ ಬಹಳ ಹೇಳಬೇಕಿತ್ತು. ಬಾಯಿಂದ ಬಂದದ್ದು ಇಷ್ಟೇ: "ಆಯಿ, ಭಾಳ ಭಾರ ಅದರಿ."

"ಇರ್ಲಿ. ತವರುಮನೀದು ಹಗುರ ಇರಬಾರ್ದು," ಎಂದರು ಕೌಸಲ್ಯಾಬಾಯಿ. ಸೊಸೆ ನಗುವಷ್ಟರಲ್ಲಿ ತಾವೂ ನಕ್ಕುಬಿಟ್ಟರು.

ಮರುದಿನ ಬೀದರಿನಲ್ಲಿ ಧಮ್ಮಪಾಲ ಡಬ್ಬಿಯನ್ನು ಕೂರಿಸಿ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಕಟ್ಟಿದ. ಪ್ಲಗ್ಗು ಟಕ್ಕೆಂದು ಕೂತಿತು. ಬಿಸ್ಮಿಲ್ಲಾಬೀ ಬಾಗಿಲಲ್ಲಿ ತುಟಿ ಅಲ್ಲಾಡಿಸುತ್ತ ನಿಂತಿದ್ದಳು, ಈ ಸಲ ದನಿಯಿಲ್ಲದೆ. ನಾಹೀದ ಕೀಲಿ ತಿರುಗಿಸಿ ಗಿಯರಿನ ಕಡ್ಡಿ ಎಳೆದಳು. ಒಳಗೆಲ್ಲೋ ಕಟ್ ಎಂದಿತು. ಕಾರು, ಕಟ್ಟು ಬಿಚ್ಚಿದ ಹಸುವಿನಂತೆ, ನಿಧಾನವಾಗಿ ಮುಂದೆ ಸರಿಯಿತು.

"ಯಾ ಅಲ್ಲಾ!" ಎಂದು ಬಿಸ್ಮಿಲ್ಲಾಬೀ ಧಮ್ಮಪಾಲನ ತಲೆಯ ಎರಡೂ ಬದಿಗೆ ಬೆರಳು ನಿವಾಳಿಸಿ ನೆಟಿಗೆ ಮುರಿದಳು. ಅವನು ನಾಚಿ ಹತಾರ ತುಂಬತೊಡಗಿದ. ಮುಂದಿನ ಸಲ ಎಂಜಿನ್ನು ತೊಳೆಯುವ ಮನಸ್ಸಾದರೆ ತನಗೊಂದು ಫೋನು ಮಾಡಬೇಕೆಂದು ಮಾತ್ರ ಕೇಳಿಕೊಂಡ.

ತಿಂಗಳು ಮುಗಿಯುವ ಮೊದಲೇ ನಾಹೀದ ಸಾಹೇಬರ ಬಳಿ ಹೋಗಿ, ಕುರ್ಚಿ ಬೇಡವೆಂದು ಹೇಳಿ, ಸಲಾಮು ಮಾಡಿ ಬಂದಳು. ಮಾರನೆಯ ದಿನ ಚಿಂತಾಕಿಯ ಪಾಠ ಮುಗಿಸಿ ಔರಾದಿನ ಆ ಗೇಟಿನ ಮುಂದೆ ಕಾರು ನಿಲ್ಲಿಸಿದಳು. ಬಿಸ್ಮಿಲ್ಲಾಬೀ ಕಟ್ಟಿಕೊಟ್ಟ ಈದಿನ ಪಾಯಸ, ಶೀರ್ ಖುರ್ಮಾದ ಡಬ್ಬ ಪಕ್ಕದಲ್ಲಿತ್ತು. ಹಬ್ಬ ಕಳೆದು ಹೋಗಿದ್ದರೇನು, ಮತ್ತೊಮ್ಮೆ ಮಾಡಿದ್ದಳು.

ಕೌಸಲ್ಯಾಬಾಯಿ ಡಬ್ಬ ಇಸಿದುಕೊಂಡು ಸೊಸೆಗೆ ಕೊಟ್ಟರು. ಕಾರಿನ ಸುತ್ತ ಒಂದು ಸುತ್ತು ಬಂದರು. "ಎಲ್ಲಿ ಹೊಂಟಿ?"

"ಎಕಂಬಾಕ್ಕರಿ. ಬರ್ತೀರೇನು?"

"ಹೋಗ್ರಿ ಅತ್ತಿ," ಎಂದಳು ಪ್ರಮಿಲಾ. "ಮನಿ ಎಲ್ಲೂ ಓಡಿಹೋಗಂಗಿಲ್ಲ."

ಅವರು ಮುಂದಿನ ಸೀಟಿನಲ್ಲಿ ಕೂತರು. ಕಾರು ಹೊರಟಿತು. ಓಣಿ ದಾಟಿ ವೇಗ ಏರುತ್ತಿದ್ದಂತೆ ಕೌಸಲ್ಯಾಬಾಯಿಯವರ ಎಡಗೈ ತಾನಾಗಿಯೇ ಎದ್ದು ಮುಂದಿನ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡಿತು. ಮರುಕ್ಷಣ, ಎರಡನೇ ಗಿಯರು ಬೀಳುವಾಗ, ಕಾರು ಒಂದು ಸಣ್ಣ ಧಕ್ಕೆ ಹೊಡೆಯಿತು. ನಾಹೀದಳ ಕಾರಿಗೆ ಆ ಚಾಳಿ ಹಿಂದೆ ಇರಲಿಲ್ಲ.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು.

"ಇದು ಅವರದೇ," ಎಂದರು ಕೌಸಲ್ಯಾಬಾಯಿ. "ಇಲ್ಲೇ, ಈ ಹೊತ್ತಿನ್ಯಾಗೇ ಹಿಂಗ ಮಾಡ್ತಿತ್ತು. ರಿಪೇರಿ ಮಾಡಸ್ರಿ ಅಂತ ಎಷ್ಟು ಜಗಳಾಡೀನಿ. ಅವ್ರು ಕೇಳ್ಲಿಲ್ಲ."

"ನಾ ಮಾಡಸ್ಲೇನ್ರಿ?"

"ಬ್ಯಾಡ," ಎಂದರು ಅವರು. ಕೈ ಇನ್ನೂ ಅಲ್ಲೇ ಇತ್ತು. "ಇರ್ಲಿ ಬಿಡು. ನಿನಗೇನು ತ್ರಾಸಿಲ್ಲಲ್ಲ?"

"ಏನೂ ಇಲ್ಲ ಆಯಿ."

ರಸ್ತೆಯ ಎರಡೂ ಬದಿ ಕಪ್ಪು ಹೊಲ ಉತ್ತು ಬಿಟ್ಟಿದ್ದರು. ಎಕಂಬಾದಲ್ಲಿ ಮಂದಾರಳ ತಾಯಿ ಕಾರಿನ ಸದ್ದಿಗೇ ಹೊರಬಂದು, ಚಾಪೆ ಜಾಡಿಸಿ ಹಾಸಿದಳು. ಅಕ್ಕೋರ ಜೊತೆ ಮತ್ತೊಬ್ಬರು ಬಂದದ್ದನ್ನು ಕಂಡು ಓಡಿಹೋಗಿ ಇನ್ನೊಂದು ಚಾಪೆ ತಂದಳು. ಮಂದಾರ ದಿಂಬಿಗೆ ಒರಗಿದ್ದಳು. ನಾಹೀದ ಕಾಲೆತ್ತಿ ಹೊರಗಿಟ್ಟು, ಕೋಲೂರಿ ನಿಂತು, ಚಿತ್ರಗಳ ಚೀಲಕ್ಕೆ ಕೈ ಚಾಚಿದಳು. ಚೀಲ ಆಗಲೇ ಕೌಸಲ್ಯಾಬಾಯಿಯವರ ಹೆಗಲಿಗೆ ಏರಿತ್ತು.